ಕಾರ್ಪೆಟ್ ಕಲೆ ಬಿಡಿ, ತಾರೀಖು ಹೇಳಿ: ಇಂಗ್ಲೆಂಡಿನಲ್ಲಿ ನಮ್ಮ ಡೆಪಾಸಿಟ್ ಕೇಸು

ಬೆಂಗಳೂರಿನಿಂದ ಬಂದವರಿಗೆ ಇಂಗ್ಲೆಂಡಿನ ಡೆಪಾಸಿಟ್ ಕೇಳಿದರೆ ನಗು ಬರುತ್ತದೆ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸ ನಮಗೆ. ಇಲ್ಲಿ 2019ರ ಜೂನ್ 1ರಿಂದ ಐದು ವಾರದ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ವರ್ಷದ ಬಾಡಿಗೆ 50,000 ಪೌಂಡ್ ಮುಟ್ಟಿದರೆ ಮಾತ್ರ ಆರು ವಾರ. ರೆಡಿಂಗ್‌ನಲ್ಲಿ ನಮ್ಮ ಮನೆಗೆ ತಿಂಗಳಿಗೆ 1,100 ಪೌಂಡ್ ಬಾಡಿಗೆ, ಡೆಪಾಸಿಟ್ 1,269 ಪೌಂಡ್. ದುಡ್ಡು ಸಣ್ಣದು ಅಂತ ಬಹಳ ಜನ ಅದರ ಹಿಂದಿರುವ ಕಾನೂನನ್ನು ನೋಡುವುದೇ ಇಲ್ಲ. ಕಾನೂನು ಮಾತ್ರ ಸಣ್ಣದಲ್ಲ.

2004ರ ಹೌಸಿಂಗ್ ಆಕ್ಟ್ ಪ್ರಕಾರ ಡೆಪಾಸಿಟ್ ಓನರ್ ಜೇಬಿನಲ್ಲಿ ಸುಮ್ನೆ ಇರುವ ಹಾಗಿಲ್ಲ. 2007ರ ಏಪ್ರಿಲ್ 6ರಿಂದ ಈ ನಿಯಮ ಜಾರಿಯಲ್ಲಿದೆ. ಸರ್ಕಾರ ಒಪ್ಪಿದ ಮೂರು ಸಂಸ್ಥೆಗಳಿವೆ: ಡೆಪಾಸಿಟ್ ಪ್ರೊಟೆಕ್ಷನ್ ಸರ್ವಿಸ್, ಮೈಡೆಪಾಸಿಟ್ಸ್, ಟೆನೆನ್ಸಿ ಡೆಪಾಸಿಟ್ ಸ್ಕೀಮ್. ದುಡ್ಡು ಕೈಗೆ ಬಂದ 30 ದಿನದೊಳಗೆ ಓನರ್ ಅದನ್ನು ಇವುಗಳಲ್ಲಿ ಒಂದರಲ್ಲಿ ನೋಂದಾಯಿಸಬೇಕು. ದುಡ್ಡನ್ನೇ ಸಂಸ್ಥೆಗೆ ಒಪ್ಪಿಸಬಹುದು, ಅದಕ್ಕೆ ಫೀ ಇಲ್ಲ. ಇಲ್ಲವೇ ತಾವೇ ಇಟ್ಟುಕೊಂಡು ಫೀ ಕಟ್ಟಿ ವಿಮೆ ಮಾಡಿಸಬಹುದು. ಜೊತೆಗೆ ದುಡ್ಡು ಎಲ್ಲಿದೆ, ಎಷ್ಟಿದೆ, ಯಾವ ಕಾರಣಕ್ಕೆ ಹಿಡಿದುಕೊಳ್ಳಬಹುದು, ವಾಪಸ್ ಪಡೆಯುವುದು ಹೇಗೆ ಅಂತ ಬಾಡಿಗೆದಾರರಿಗೆ ಲಿಖಿತ ಮಾಹಿತಿ ಕೊಡಬೇಕು. ಅದಕ್ಕೂ ಅದೇ 30 ದಿನ. ಎರಡರಲ್ಲಿ ಒಂದು ತಪ್ಪಿದರೂ ಕೋರ್ಟು ಡೆಪಾಸಿಟ್‌ನ ಒಂದರಿಂದ ಮೂರು ಪಟ್ಟು ದಂಡ ಹಾಕಬೇಕು. ‘ಹಾಕಬಹುದು’ ಅಲ್ಲ, ‘ಹಾಕಬೇಕು’. ಎಷ್ಟು ಪಟ್ಟು ಎನ್ನುವುದಷ್ಟೇ ಜಡ್ಜ್ ಕೈಯಲ್ಲಿದೆ. ಆ ದಂಡ ಸರ್ಕಾರಕ್ಕೆ ಹೋಗುವುದಿಲ್ಲ, ಬಾಡಿಗೆದಾರರಿಗೇ ಬರುತ್ತದೆ.

ಇದೆಲ್ಲ ನಮಗೆ ಗೊತ್ತಾಗಿದ್ದು ಮನೆ ಬಿಡುವ ನೋಟಿಸ್ ಕೊಟ್ಟ ಮೇಲೆ, ಓನರ್ ಬಂದು ಮನೆ ನೋಡಿ, ಹಾಲ್‌ನ ಕಾರ್ಪೆಟ್ ಹಾಳಾಗಿದೆ, 600 ಪೌಂಡ್ ಹಿಡಿದುಕೊಳ್ಳುತ್ತೇನೆ ಎಂದಾಗ. ಅವರೂ ಕನ್ನಡದವರೇ. ಯುಗಾದಿ ಕಾರ್ಯಕ್ರಮದಲ್ಲಿ ಪರಿಚಯವಾಗಿ, ಏಜೆಂಟ್ ಇಲ್ಲದೆ ಸಿಕ್ಕ ಮನೆ ಅದು.

ಮೊದಲ ಕೆಲಸ ಪತ್ತೆ ಹಚ್ಚುವುದು. ಮೂರೂ ಸಂಸ್ಥೆಗಳ ವೆಬ್‌ಸೈಟಿನಲ್ಲಿ ಹುಡುಕುವ ಸೌಲಭ್ಯ ಇದೆ. ಪೋಸ್ಟ್‌ಕೋಡ್, ಸರ್‌ನೇಮ್, ಬಾಡಿಗೆ ಶುರುವಾದ ತಾರೀಖು, ಮೊತ್ತ ಕೊಟ್ಟರೆ ಇದೆಯೋ ಇಲ್ಲವೋ ತಿಳಿಯುತ್ತದೆ. ನಮ್ಮ ಹೆಸರುಗಳ ಕಥೆ ಗೊತ್ತಲ್ವಾ, ಇನಿಷಿಯಲ್ ಎಲ್ಲೋ, ತಂದೆ ಹೆಸರು ಎಲ್ಲೋ. ಹಾಗಾಗಿ ನನ್ನ ಮತ್ತು ನನ್ನ ಯಜಮಾನರ ಹೆಸರನ್ನು ಎಲ್ಲ ರೀತಿಯಲ್ಲೂ ಹಾಕಿ ನೋಡಿದೆ. ಎಲ್ಲೂ ಇಲ್ಲ. ಆಮೇಲೆ ಮೂರೂ ಕಡೆಗೆ ಇಮೇಲ್ ಬರೆದು, ‘ಈ ವಿಳಾಸಕ್ಕೆ ನಮ್ಮಲ್ಲಿ ಡೆಪಾಸಿಟ್ ನೋಂದಣಿ ಇಲ್ಲ’ ಅಂತ ಲಿಖಿತ ಉತ್ತರ ತರಿಸಿಕೊಂಡೆ. ಇದನ್ನು ಯಾರೂ ಬಿಡಬೇಡಿ. ಸ್ಕ್ರೀನ್‌ಶಾಟ್‌ಗಿಂತ ಆ ಉತ್ತರಕ್ಕೆ ತೂಕ ಜಾಸ್ತಿ. ನಮ್ಮ ಕೇಸಿನಲ್ಲಿ ಅದರ ಮೇಲಿದ್ದ ತಾರೀಖೇ ಆಮೇಲೆ ಕೆಲಸಕ್ಕೆ ಬಂತು.

ನಂತರ ಓನರ್‌ಗೆ ಪತ್ರ. ಅದರಲ್ಲಿ ಕಾರ್ಪೆಟ್ ವಿಷಯ ಎತ್ತಲೇ ಇಲ್ಲ. ಇಂಥ ದಿನ ಬ್ಯಾಂಕಿನಿಂದ ಇಷ್ಟು ಕಳಿಸಿದ್ದೇವೆ, ಇಂಥ ದಿನಕ್ಕೆ 30 ದಿನ ಮುಗಿದಿದೆ, ಮೂರೂ ಸಂಸ್ಥೆಗಳು ಇಲ್ಲ ಎಂದಿವೆ, ಹೌಸಿಂಗ್ ಆಕ್ಟಿನ 214ನೇ ಸೆಕ್ಷನ್ ಪ್ರಕಾರ ದಂಡ ಕೇಳುತ್ತಿದ್ದೇವೆ, 14 ದಿನದಲ್ಲಿ ಉತ್ತರ ಕೊಡಿ. ಅಷ್ಟೇ. ಕೋಪ, ಬೇಸರ, ‘ನಾವು ಮನೆಯನ್ನು ಎಷ್ಟು ಚೆನ್ನಾಗಿ ನೋಡಿಕೊಂಡೆವು’ ಯಾವುದೂ ಬೇಡ. ಈ ಸೆಕ್ಷನ್‌ಗೆ ಬೇಕಾಗಿರುವುದು ತಾರೀಖು ಮತ್ತು ಕಾಗದ ಮಾತ್ರ. ನೀವು ಒಂದು ಸಾಲು ಕಾರ್ಪೆಟ್ ಬಗ್ಗೆ ಬರೆದರೆ ಆ ಕಡೆಯಿಂದ ಹತ್ತು ಸಾಲು ಬರುತ್ತದೆ. ಮುಖ್ಯ ವಿಷಯ ಅಲ್ಲೇ ಮುಚ್ಚಿಹೋಗುತ್ತದೆ.

ಪತ್ರ ತಲುಪಿದ ಮೇಲೆ ಫೋನ್ ಬಂತು. “ಏನಮ್ಮಾ, ನಮ್ಮವರೇ ಆಗಿ ಕೋರ್ಟು ಗೀರ್ಟು ಅಂತೀರಲ್ಲ. ನಿಮಗೆ ನಂಬಿಕೆಯ ಮೇಲೆ ಮನೆ ಕೊಟ್ಟಿದ್ದು ನಾನು.” ಪರಿಚಯದವರೂ ಒಬ್ಬೊಬ್ಬರಾಗಿ ರಾಜಿ ಮಾಡಿಕೊಳ್ಳಿ ಎಂದರು. ರಾಜಿಗೆ ನಮ್ಮದೇನೂ ಅಡ್ಡಿ ಇರಲಿಲ್ಲ. ಆದರೆ ಆ ರಾಜಿಯಲ್ಲೂ 600 ಪೌಂಡ್ ನಮ್ಮದೇ ಹೋಗುತ್ತಿತ್ತು!

ಇನ್ನೊಂದು ಭಯ ವೀಸಾದ್ದು. ವರ್ಕ್ ವೀಸಾದಲ್ಲಿರುವವರು ಕೋರ್ಟು ಅಂದ ತಕ್ಷಣ ಹಿಂದೆ ಸರಿಯುತ್ತಾರೆ. ಇದು ಸಿವಿಲ್ ವಿಷಯ. ನೀವು ಹಕ್ಕು ಕೇಳಿ ಹೋದವರು, ಆರೋಪಿಗಳಲ್ಲ. ಕ್ರಿಮಿನಲ್ ದಾಖಲೆಗೂ ಇದಕ್ಕೂ ಸಂಬಂಧವೇ ಇಲ್ಲ.

ಆಮೇಲೆ ಓನರ್ ಒಂದು ಜಾಣತನ ಮಾಡಿದರು. ನಾವು ಮನೆ ಬಿಡುವ ಮುಂಚೆಯೇ ಡೆಪಾಸಿಟ್ಟನ್ನು ಒಂದು ಸಂಸ್ಥೆಗೆ ಕಟ್ಟಿ, ಸರ್ಟಿಫಿಕೇಟಿನ ಫೋಟೋವನ್ನು ವಾಟ್ಸಾಪ್ ಮಾಡಿದರು. ಪ್ರೊಟೆಕ್ಟ್ ಆಯ್ತಲ್ಲ, ಇನ್ನೇನು ಸಮಸ್ಯೆ ಅಂತ. ಪೊಲೀಸ್ ಹಿಡಿದ ಮೇಲೆ ಹೆಲ್ಮೆಟ್ ಹಾಕಿಕೊಂಡ ಹಾಗೆ. ಒಂದು ಕಾಲದಲ್ಲಿ ಇದು ನಡೆಯುತ್ತಿತ್ತು ಅನ್ನುವುದೂ ನಿಜ. ಕೋರ್ಟಿನಲ್ಲಿ ವಿಚಾರಣೆ ಆಗುವ ಮುಂಚೆ ಕಟ್ಟಿದರೆ ದಂಡ ಇಲ್ಲ ಎಂದು 2010ರಲ್ಲಿ ಟಿಯೆನ್ಸಿಯಾ ಕೇಸಿನಲ್ಲಿ ಅಪೀಲು ಕೋರ್ಟು ಹೇಳಿತ್ತು. ಬಾಡಿಗೆ ಮುಗಿದ ಮೇಲೆ ದಂಡ ಕೇಳುವಂತಿಲ್ಲ ಎಂದು 2011ರಲ್ಲಿ ಇನ್ನೊಂದು ತೀರ್ಪು ಬಂತು. ಇವೆರಡು ತೂತನ್ನೂ 2011ರ ಲೋಕಲಿಸಂ ಆಕ್ಟ್ ಮುಚ್ಚಿತು, 2012ರ ಏಪ್ರಿಲ್ 6ರಿಂದ. ಮೊದಲು 14 ದಿನ ಇದ್ದ ಗಡುವನ್ನು 30ಕ್ಕೆ ಏರಿಸಿದ್ದೂ ಅದೇ ಕಾಯ್ದೆ. ಈಗ ತಡವಾಗಿ ಕಟ್ಟಿದರೆ ದಂಡ ಕಡಿಮೆ ಆಗಬಹುದು, ಮಾಫಿ ಆಗುವುದಿಲ್ಲ. ಮನೆ ಬಿಟ್ಟ ಮೇಲೂ ಕೇಳಬಹುದು. ಸಾಮಾನ್ಯವಾಗಿ ಆರು ವರ್ಷ ಅವಕಾಶ ಇದೆ.

ಅವರು ಕಟ್ಟಿದ್ದು ನಮಗೇ ಅನುಕೂಲವಾಯಿತು. ಕಾರ್ಪೆಟ್ ಜಗಳಕ್ಕೆ ಬೇರೆ ಜಾಗ ಸಿಕ್ಕಿತು. ಸಂಸ್ಥೆಯಲ್ಲಿ ಡೆಪಾಸಿಟ್ ಇದ್ದರೆ ಅವರದೇ ಉಚಿತ ವಿವಾದ ಸೇವೆ ಇರುತ್ತದೆ. ಎರಡೂ ಕಡೆಯವರು ಒಪ್ಪಿದರೆ ಕಾಗದಪತ್ರ ನೋಡಿ ತೀರ್ಮಾನ ಮಾಡುತ್ತಾರೆ. ಅಲ್ಲಿಯ ಲೆಕ್ಕ ಸರಳ. ಡೆಪಾಸಿಟ್ ಬಾಡಿಗೆದಾರರ ದುಡ್ಡು. ಹಿಡಿದುಕೊಳ್ಳಬೇಕು ಅನ್ನುವ ಓನರೇ ಹಾನಿ ಆಗಿದ್ದನ್ನು ತೋರಿಸಬೇಕು. ನಾವು ಬಂದಾಗ ಮನೆ ಹೇಗಿತ್ತು ಅನ್ನುವ ಇನ್ವೆಂಟರಿ ಅವರ ಹತ್ತಿರ ಇರಲಿಲ್ಲ. ಬಳಸಿದರೆ ಸವೆಯುವ ವಸ್ತು ಸವೆಯುತ್ತದೆ, ಅದಕ್ಕೆ ದುಡ್ಡು ಕೇಳುವಂತಿಲ್ಲ. ಹಳೆ ಕಾರ್ಪೆಟ್‌ಗೆ ಹೊಸದರ ಬೆಲೆಯನ್ನೂ ಕೇಳುವಂತಿಲ್ಲ. 1,269 ಪೌಂಡೂ ನಮಗೆ ವಾಪಸ್ ಬಂತು. ಬೆಂಗಳೂರಿನಲ್ಲಿ ಮನೆ ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಬಿಟ್ಟುಕೊಟ್ಟು ಬಂದವಳು ನಾನು. ಇದನ್ನು ನೋಡಿ ಸ್ವಲ್ಪ ಹೊಟ್ಟೆ ಉರಿಯಿತು.

ದಂಡದ ಭಾಗಕ್ಕೆ ಕೌಂಟಿ ಕೋರ್ಟು. ಫಾರಂ ಎನ್208, ಪಾರ್ಟ್ 8 ಅನ್ನುವ ವಿಧಾನ. ಫೀ ಆಗ 308 ಪೌಂಡ್, ಈಗ ಇನ್ನೂ ಜಾಸ್ತಿ ಆಗಿದೆ. ಕಡಿಮೆ ಆದಾಯದವರಿಗೆ ಫೀ ರಿಯಾಯಿತಿ ಇದೆ. ಅಗ್ರಿಮೆಂಟಿನಲ್ಲಿ ನಮ್ಮಿಬ್ಬರ ಹೆಸರೂ ಇದ್ದುದರಿಂದ ಅರ್ಜಿಯಲ್ಲೂ ಇಬ್ಬರ ಹೆಸರು ಹಾಕಿದೆವು. ಫ್ಲಾಟ್‌ಮೇಟ್‌ಗಳ ಜೊತೆ ಒಂದೇ ಅಗ್ರಿಮೆಂಟಿಗೆ ಸಹಿ ಹಾಕಿದವರು ಇದನ್ನು ಮೊದಲೇ ನೋಡಿಕೊಳ್ಳಿ, ಒಬ್ಬರು ಊರಿಗೆ ಹೋಗಿಬಿಟ್ಟಿದ್ದರೆ ತೊಡಕು. ಓನರ್ ವಿಳಾಸ ನಮ್ಮ ಅಗ್ರಿಮೆಂಟಿನಲ್ಲೇ ಇತ್ತು. ಇಲ್ಲದವರು ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಕೆಲವೇ ಪೌಂಡ್ ಕೊಟ್ಟು ಮನೆ ಯಾರ ಹೆಸರಿನಲ್ಲಿದೆ ಅಂತ ತೆಗೆಯಬಹುದು.

ಅರ್ಜಿಯ ಜೊತೆ ನನ್ನ ಸಾಕ್ಷಿ ಹೇಳಿಕೆ. ಪ್ಯಾರಾಗಳಿಗೆ ನಂಬರ್ ಹಾಕಿ, ಪ್ರತಿ ಪ್ಯಾರಾದಲ್ಲೂ ಒಂದು ತಾರೀಖು, ಒಂದು ಘಟನೆ, ಅದಕ್ಕೆ ಒಂದು ದಾಖಲೆ. ಅಗ್ರಿಮೆಂಟ್, ಬ್ಯಾಂಕ್ ಸ್ಟೇಟ್‌ಮೆಂಟ್, ಮೂರು ಸಂಸ್ಥೆಗಳ ಇಮೇಲ್, ನಮ್ಮ ಪತ್ರ, ಆ ವಾಟ್ಸಾಪ್ ಫೋಟೋ. ಕೊನೆಗೆ ಹೇಳಿದ್ದೆಲ್ಲ ಸತ್ಯ ಅನ್ನುವ ಘೋಷಣೆ ಮತ್ತು ಸಹಿ.

ಇಲ್ಲಿ ಒಂದು ಅಪಾಯ ಇದೆ, ಬಹಳ ಜನ ಹೇಳುವುದಿಲ್ಲ. ಸಣ್ಣ ಕ್ಲೇಮ್‌ಗಳಲ್ಲಿ ಸೋತರೂ ಸಾಮಾನ್ಯವಾಗಿ ಎದುರಾಳಿಯ ವಕೀಲರ ಖರ್ಚು ನಮ್ಮ ಮೇಲೆ ಬೀಳುವುದಿಲ್ಲ. ಪಾರ್ಟ್ 8 ಅರ್ಜಿ ಮಾತ್ರ ತಾನಾಗಿಯೇ ಮಲ್ಟಿ ಟ್ರ್ಯಾಕ್, ಅಂದರೆ ದೊಡ್ಡ ಕೇಸುಗಳ ಲೆಕ್ಕಕ್ಕೆ ಸೇರುತ್ತದೆ. ಅಲ್ಲಿ ಸೋತವರು ಖರ್ಚು ಕೊಡಬೇಕಾಗಿ ಬರಬಹುದು. ಅದಕ್ಕೇ ಅರ್ಜಿಯಲ್ಲಿ, ಮೊತ್ತ ಸಣ್ಣದು, ವಿಷಯ ಸರಳ, ಸಣ್ಣ ಕ್ಲೇಮ್ ಟ್ರ್ಯಾಕ್‌ಗೆ ಹಾಕಿ ಎಂದು ಕೇಳಿಕೊಂಡಿದ್ದೆ. ಕಾಗದ ಗಟ್ಟಿ ಇಲ್ಲದವರು ಅರ್ಜಿ ಹಾಕುವ ಮುಂಚೆ ಶೆಲ್ಟರ್ ಅಥವಾ ಸಿಟಿಜನ್ಸ್ ಅಡ್ವೈಸ್‌ನಲ್ಲಿ ಕೇಳುವುದು ಒಳ್ಳೆಯದು. ಉಚಿತವಾಗಿ ಸಲಹೆ ಕೊಡುತ್ತಾರೆ.

ವಿಚಾರಣೆ ನಾನು ಅಂದುಕೊಂಡದ್ದಕ್ಕಿಂತ ಸಪ್ಪೆ. ದೊಡ್ಡ ಹಾಲ್ ಇಲ್ಲ, ಕಟಕಟೆ ಇಲ್ಲ. ಒಂದು ರೂಮು, ಉದ್ದದ ಮೇಜು. ಓನರ್ ಮತ್ತೆ ಕಾರ್ಪೆಟ್ ಶುರುಮಾಡಿದರು. ಅದು ಇವತ್ತಿನ ವಿಷಯ ಅಲ್ಲ ಎಂದು ಜಡ್ಜ್ ನಿಲ್ಲಿಸಿ, ಡೆಪಾಸಿಟ್ ಯಾವಾಗ ಬಂತು, ಯಾವಾಗ ಕಟ್ಟಿದಿರಿ ಎಂದಷ್ಟೇ ಕೇಳಿದರು. ಎರಡು ತಾರೀಖಿನ ನಡುವೆ ಎರಡು ವರ್ಷಕ್ಕಿಂತ ಜಾಸ್ತಿ ಅಂತರ. ಲಿಖಿತ ಮಾಹಿತಿಯನ್ನಂತೂ ಕೊಟ್ಟೇ ಇರಲಿಲ್ಲ. ಒಂದೇ ಮನೆ ಬಾಡಿಗೆಗೆ ಬಿಟ್ಟವರು, ಇದೇ ವ್ಯಾಪಾರ ಮಾಡುವವರಲ್ಲ, ಕೊನೆಗಾದರೂ ಕಟ್ಟಿದ್ದಾರೆ ಅನ್ನುವುದು ಅವರ ಪರವಾಗಿ ಬಂತು. ಪತ್ರ ಬರುವ ತನಕ ಏನೂ ಮಾಡಲಿಲ್ಲ ಅನ್ನುವುದು ವಿರುದ್ಧವಾಗಿ ಬಂತು. ಎರಡು ಪಟ್ಟು ಎಂದರು: 2,538 ಪೌಂಡ್, ಜೊತೆಗೆ ಕೋರ್ಟ್ ಫೀ. ಕೊಡಲು 14 ದಿನ. ಅದು ಕಾನೂನಿನಲ್ಲೇ ಇರುವ ಗಡುವು. ಅಷ್ಟರೊಳಗೆ ಕೊಟ್ಟರು ಕೂಡ. ತಿಂಗಳೊಳಗೆ ಕಟ್ಟದಿದ್ದರೆ ತೀರ್ಪು ಆರು ವರ್ಷ ದಾಖಲೆಯಲ್ಲಿ ಉಳಿದು ಸಾಲ ಸಿಗುವುದು ಕಷ್ಟವಾಗುತ್ತದೆ. ಮಾರ್ಟ್‌ಗೇಜ್ ಇರುವವರಿಗೆ ಅದರ ಬಿಸಿ ಗೊತ್ತು.

ಇದು ಎಲ್ಲರಿಗೂ ಅನ್ವಯಿಸುವುದಿಲ್ಲ. ಓನರ್ ಇರುವ ಮನೆಯಲ್ಲೇ ಒಂದು ರೂಮು ತೆಗೆದುಕೊಂಡಿದ್ದರೆ ನೀವು ಲಾಡ್ಜರ್, ಈ ರಕ್ಷಣೆ ಇಲ್ಲ. ಹೊಸದಾಗಿ ಬಂದ ನಮ್ಮ ಹುಡುಗರು ಹೆಚ್ಚಾಗಿ ಇರುವುದೇ ಹೀಗೆ. ಸ್ಕಾಟ್ಲೆಂಡಿನಲ್ಲಿ ನಿಯಮ ಬೇರೆ. ಅಲ್ಲಿ 30 ಕೆಲಸದ ದಿನಗಳ ಗಡುವು, ಮೂರು ಪಟ್ಟಿನ ತನಕ ದಂಡ. ಹೋಗಬೇಕಾದ್ದು ಕೋರ್ಟಿಗಲ್ಲ, ಟ್ರಿಬ್ಯುನಲ್‌ಗೆ. ಅದೂ ಬಾಡಿಗೆ ಮುಗಿದ ಮೂರು ತಿಂಗಳೊಳಗೆ. ಗ್ಲಾಸ್ಗೋದಲ್ಲಿರುವ ಗೆಳತಿ ನನ್ನ ಕಥೆ ಕೇಳಿ ಆರು ವರ್ಷ ಟೈಮ್ ಇದೆ ಅಂದುಕೊಂಡಿದ್ದಳು. ಅವಳಿಗೆ ಉಳಿದಿದ್ದು ಎರಡು ವಾರ. ಅರ್ಜಿ ಹಾಕಿದ್ದಾಳೆ.