ಕ್ಲೋಜಪೀನ್ ತಗೊಳ್ಳುವವರನ್ನು ಇಂಗ್ಲೆಂಡಿಗೆ ಕರೆತರುವ ಮುನ್ನ

ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇರುವ ಹೆಂಡತಿಯನ್ನೋ ಗಂಡನನ್ನೋ ಇಂಗ್ಲೆಂಡಿಗೆ ಕರೆತರುವವರಿಗೆ, ಓದಲು ಬರುವವರ ಅಪ್ಪ-ಅಮ್ಮಂದಿರಿಗೆ, ಜಿಪಿ (ಇಲ್ಲಿ ಮೊದಲು ಕಾಣಬೇಕಾದ ಸ್ಥಳೀಯ ವೈದ್ಯರು) ನೋಂದಣಿ ಗೊತ್ತಿರುತ್ತದೆ. ಎಡವುವುದು ಕ್ಲೋಜಪೀನ್ ಮಾತ್ರೆಯಲ್ಲಿ; ಬೇರೆ ಮದ್ದು ಫಲಿಸದಿದ್ದಾಗ ಈ ಕಾಯಿಲೆಗೆ ಕೊಡುವ ಮದ್ದು ಅದು.

ನಮ್ಮೂರಲ್ಲಿ ಡಾಕ್ಟರ ಚೀಟಿ ತೋರಿಸಿದರೆ ಮೆಡಿಕಲ್ ಶಾಪಿನಲ್ಲೇ ಅದು ಸಿಗುತ್ತದೆ. ಇಲ್ಲಿ ಸಾಮಾನ್ಯವಾಗಿ ಜಿಪಿ ಬರೆದುಕೊಡುವುದಿಲ್ಲ. ಬಿಳಿ ರಕ್ತಕಣ ಅಪಾಯಕಾರಿಯಾಗಿ ಕುಸಿಯಬಹುದಾದ್ದರಿಂದ ಮನೋವೈದ್ಯರು ರೋಗಿಯನ್ನು ರಕ್ತ ನಿಗಾ ಸೇವೆಯಲ್ಲಿ ನೋಂದಾಯಿಸಬೇಕು. ವರದಿ ಸರಿಯಿದ್ದರೆ ಮಾತ್ರ ಆಸ್ಪತ್ರೆಯ ಫಾರ್ಮಸಿ ಮಾತ್ರೆ ಕೊಡುತ್ತದೆ. ಹೊಸದಾಗಿ ಶುರುಮಾಡುವವರಿಗೆ ಮೊದಲ 18 ವಾರ ಪ್ರತಿ ವಾರ ಪರೀಕ್ಷೆ. ಜಿಪಿ ಪತ್ರ ಬರೆದು ಮನೋವೈದ್ಯರ ಭೇಟಿ ಸಿಗುವಷ್ಟರಲ್ಲಿ ವಾರಗಳು ಕಳೆಯಬಹುದು, ತಂದ ಒಂದು ತಿಂಗಳ ಮಾತ್ರೆ ಅಷ್ಟರಲ್ಲಿ ಖಾಲಿ. ಈ ಒಂದು ವಿಷಯದಲ್ಲಿ ಬೆಂಗಳೂರೇ ಮೇಲು.

ಖಾಲಿಯಾದರೆ ಏನಾಗುತ್ತದೆ ಕೇಳಿ. 48 ಗಂಟೆಗಿಂತ ಹೆಚ್ಚು ತಪ್ಪಿದರೆ ಹಳೆಯ ಡೋಸನ್ನು ಹಾಗೇ ನುಂಗಬಾರದು. ಮೈ ಆ ಮದ್ದಿನ ಒಗ್ಗಿಕೆ ಕಳೆದುಕೊಂಡಿರುತ್ತದೆ. ಬಿಪಿ ಕುಸಿಯಬಹುದು, ಫಿಟ್ಸ್ ಬರಬಹುದು. ಮತ್ತೆ 12.5 ಮಿಲಿಗ್ರಾಂನಿಂದ, ವೈದ್ಯರ ಕಣ್ಗಾವಲಿನಲ್ಲಿ ಏರಿಸಬೇಕು. 300 ಮಿಲಿಗ್ರಾಂನಲ್ಲಿ ನೆಮ್ಮದಿಯಾಗಿದ್ದವರು ವಾರಗಟ್ಟಲೆ ಹಿಂದಕ್ಕೆ ಹೋಗುತ್ತಾರೆ, ಆ ಅವಧಿಯಲ್ಲೇ ಕಾಯಿಲೆ ಮರುಕಳಿಸುವುದು.

ಆದ್ದರಿಂದ ಹೊರಡುವ ಮುನ್ನ ನಿಮ್ಹಾನ್ಸೋ ಬೇರೆ ಆಸ್ಪತ್ರೆಯೋ, ಅಲ್ಲಿಂದ ಇಂಗ್ಲಿಷಿನಲ್ಲಿ ಪತ್ರ ಪಡೆಯಿರಿ. ಕಂಪನಿ ಹೆಸರಲ್ಲ, ಮದ್ದಿನ ಮೂಲ ಹೆಸರಿರಲಿ. ಬೆಳಗ್ಗೆ-ರಾತ್ರಿಯ ಮಿಲಿಗ್ರಾಂ, ಶುರುವಾದ ದಿನಾಂಕ, ಇದುವರೆಗಿನ ನ್ಯೂಟ್ರೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಲೆಕ್ಕ, ಇಸಿಜಿ, ಮೊದಲು ಕೊಟ್ಟು ಫಲಿಸದ ಮದ್ದುಗಳು, ಇಷ್ಟೂ ಬೇಕು. ಮೂರು ತಿಂಗಳಿಗಾಗುವಷ್ಟು ಮಾತ್ರೆ ಕೊಡಬಹುದೇ ಎಂದು ಅಲ್ಲಿನ ಡಾಕ್ಟರನ್ನೇ ಕೇಳಿ, ಚೀಟಿ ಸಮೇತ ಕೈಚೀಲದಲ್ಲಿಡಿ. ಇಲ್ಲಿ ಇಳಿದ ವಾರದಲ್ಲೇ ಜಿಪಿಗೆ ಪತ್ರ ಕೊಟ್ಟು ತುರ್ತು ರೆಫರಲ್ ಕೇಳಿ. ಮಾತ್ರೆ ಇದೆಯಲ್ಲ ಎಂದು ರಕ್ತಪರೀಕ್ಷೆ ಬಿಡಬೇಡಿ. ಮಾತ್ರೆ ಮುಗಿಯುವ ಸೂಚನೆ ಕಂಡರೆ ಕಾಯದೆ ಇಲ್ಲಿನ ಆರೋಗ್ಯ ಸಹಾಯವಾಣಿ 111ಕ್ಕೆ ಕರೆಮಾಡಿ 2 ಒತ್ತಿ; ಮಾನಸಿಕ ಆರೋಗ್ಯದ ತುರ್ತು ತಂಡ ಸಿಗುತ್ತದೆ.

ಕಾಯಿಲೆ ಇಲ್ಲೇ ಮೊದಲ ಸಲ ಕಾಣಿಸಿಕೊಂಡರೆ ಮಾತ್ರ ಇಂಗ್ಲೆಂಡಿನ ವ್ಯವಸ್ಥೆ ನಮ್ಮದಕ್ಕಿಂತ ಎಷ್ಟೋ ಚೆನ್ನ. 14ರಿಂದ 65 ವರ್ಷದವರಿಗೆ ಅರ್ಲಿ ಇಂಟರ್ವೆನ್ಷನ್ (ಕಾಯಿಲೆಯ ಆರಂಭದಲ್ಲೇ ನೆರವಾಗುವ) ತಂಡವಿದೆ, ರೆಫರಲ್ ಆದ ಎರಡು ವಾರದೊಳಗೆ ಚಿಕಿತ್ಸೆ ಶುರುಮಾಡುವುದು ಅದರ ಗುರಿ. ಮನೆಯವರ ಜೊತೆಗೂ ಕೂತು ಮಾತಾಡುತ್ತಾರೆ. ನಾಚಿಕೆಯಿಂದ ಮುಚ್ಚಿಟ್ಟು ಈ ಸಮಯ ಕಳೆಯಬೇಡಿ.

ಸಿಗರೇಟು ಸೇದುವವರು ಥಟ್ಟನೆ ಬಿಟ್ಟರೆ ರಕ್ತದಲ್ಲಿ ಕ್ಲೋಜಪೀನ್ ಮಟ್ಟ ಏರುತ್ತದೆ. ಬಿಡುವುದು ಒಳ್ಳೆಯದೇ, ಆದರೆ ಚಿಕಿತ್ಸೆ ಕೊಡುವ ತಂಡಕ್ಕೆ ಮೊದಲೇ ತಿಳಿಸಿ, ಆಮೇಲೆ ಬಿಡಿ. ಮಲಬದ್ಧತೆಯನ್ನು ಸಣ್ಣದೆನ್ನಬೇಡಿ, ಕರುಳು ಕಟ್ಟಿ ಜೀವ ಹೋದದ್ದುಂಟು. ಜ್ವರ, ಗಂಟಲುನೋವು ಬಂದರೆ ಅಂದೇ ರಕ್ತಪರೀಕ್ಷೆ. ಮತ್ತೊಂದು: ಮಾತ್ರೆ ಆಸ್ಪತ್ರೆಯಿಂದ ಬರುವುದರಿಂದ ಜಿಪಿಯ ಕಂಪ್ಯೂಟರಿನಲ್ಲಿ ಅದು ಕಾಣದೇ ಇರಬಹುದು. ಕ್ಲೋಜಪೀನ್ ಅಲ್ಲಿ ದಾಖಲಾಗಿದೆಯೇ ಎಂದು ನೀವೇ ಕೇಳಿ.