ಮಳೆಗಾಲದಲ್ಲಿ ಮಗುವಿಗೆ ಕೊರೊನಾ ಬಂದರೆ ಮನೆಯಲ್ಲಿ ಏನೇನು ನೋಡಬೇಕು

ಕಕ್ಕಡ ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು. ಅದರ ಮಳೆ ಹಿಡಿದ ಮೇಲೆ ಕೊಡಗಿನಲ್ಲಿ ಮೂಗು ಸೋರದ ಮಗು ಸಿಗುವುದೇ ಕಷ್ಟ, ಅಲ್ವಾ? ಅದರಲ್ಲಿ ಯಾವುದು ಕೊರೊನಾ, ಯಾವುದು ಬರೀ ಶೀತ ಅಂತ ಮುಖ ನೋಡಿ ಹೇಳಲು ಆಗುವುದಿಲ್ಲ. ಜ್ವರ, ಕೆಮ್ಮು, ಗಂಟಲು ನೋವು ಎರಡರಲ್ಲೂ ಇರುತ್ತವೆ. ಕೆಲವು ಮಕ್ಕಳಿಗೆ ಕೆಮ್ಮೇ ಇಲ್ಲದೆ ವಾಂತಿ, ಭೇದಿಯಿಂದ ಶುರುವಾಗುತ್ತದೆ. ಟೆಸ್ಟ್ ಮಾಡಿಸಿದರೆ ಮಾತ್ರ ಖಚಿತ. ಹೆಚ್ಚಿನ ಮಕ್ಕಳು ಕೆಲವೇ ದಿನಗಳಲ್ಲಿ ಮನೆಯಲ್ಲೇ ಹುಷಾರಾಗುತ್ತಾರೆ. ಹಾಗಾಗದ ಕೆಲವರನ್ನು ಬೇಗ ಗುರುತಿಸುವುದೇ ನಮ್ಮ ಕೆಲಸ.

ನನ್ನ ಮಗನಿಗೆ ಬಂದಾಗ ರಾತ್ರಿಯಿಡೀ ಥರ್ಮಾಮೀಟರ್ ಹಿಡಿದು ಕೂತಿದ್ದೆ. ಉಸಿರು ಎಣಿಸಬೇಕು ಅಂತ ಹೊಳೆಯಲೇ ಇಲ್ಲ. ಮಾರನೇ ದಿನ ಡಾಕ್ಟರ್ ಹೇಳಿಕೊಟ್ಟರು. ಮಗು ಮಲಗಿರುವಾಗ, ಇಲ್ಲವೇ ಅಳದೆ ಸುಮ್ಮನಿರುವಾಗ ಅಂಗಿ ಮೇಲೆತ್ತಿ, ಮೊಬೈಲ್‌ನಲ್ಲಿ ಸಮಯ ಇಟ್ಟುಕೊಂಡು, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. 2 ತಿಂಗಳೊಳಗಿನ ಕೂಸಿಗೆ 60, 2ರಿಂದ 12 ತಿಂಗಳವರೆಗೆ 50, 1ರಿಂದ 5 ವರ್ಷಕ್ಕೆ 40, ಅದಕ್ಕಿಂತ ದೊಡ್ಡ ಮಕ್ಕಳಿಗೆ 30. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಆಸ್ಪತ್ರೆಗೆ ಹೊರಡಿ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ತುಟಿ ನೀಲಿಯಾಗುವುದು, ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ಏನೂ ಕುಡಿಯದಿರುವುದು, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ ಇದ್ದರೆ ಅದರಲ್ಲಿ 94ಕ್ಕಿಂತ ಕಡಿಮೆ ತೋರಿಸುವುದು, ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. 3 ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಜ್ವರ ಬಂದರೆ ಬೇರೆ ಲಕ್ಷಣ ಹುಡುಕದೆ ಹೊರಡಿ.

ಹೊರಡುವುದು ಅಂದರೆ ನಮ್ಮಲ್ಲಿ ಸುಲಭವಲ್ಲ. ತೋಟದೊಳಗಿನ ಮನೆ, ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ರಸ್ತೆಗೆ ಮರ ಬಿದ್ದಿರುತ್ತದೆ. ಅದಕ್ಕೇ ಸಂಜೆ 4 ಗಂಟೆಗೆ ಒಮ್ಮೆ ಉಸಿರು ಎಣಿಸಿ. ಅನುಮಾನವಿದ್ದರೆ ಬೆಳಕಿರುವಾಗಲೇ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಯಾವ ಆಸ್ಪತ್ರೆ ಹತ್ತಿರವೋ ಅಲ್ಲಿಗೆ ಹೋಗಿಬಿಡಿ. 108 ಇದ್ದರೂ ಪಕ್ಕದ ತೋಟದ ಜೀಪಿನವರಿಗೆ ಮೊದಲೇ ಒಂದು ಮಾತು ಹೇಳಿಡಿ. ಲೈನ್‌ಮನೆಗಳಲ್ಲಿ ಇರುವ ತೋಟದ ಕೆಲಸಗಾರರ ಮಕ್ಕಳಿಗೂ ಅದೇ ಜೀಪು ಸಿಗುವಂತೆ ನೋಡಿಕೊಳ್ಳಿ, ದಯವಿಟ್ಟು.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಮಗುವಿನ ತೂಕದ ಪ್ರತಿ ಕಿಲೋಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ, 4ರಿಂದ 6 ಗಂಟೆ ಬಿಟ್ಟು, ದಿನಕ್ಕೆ 4 ಸಲ ಮೀರದಂತೆ. ಸಿರಪ್ ಬಾಟಲಿ ಓದಿ ಕೊಡಿ. 5 ಎಂಎಲ್‌ಗೆ 125 ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ, ಅದೇ ಚಮಚದಲ್ಲಿ ಕೊಟ್ಟರೆ ಡೋಸ್ ಎರಡು ಪಟ್ಟಾಗುತ್ತದೆ. ಆಸ್ಪಿರಿನ್ ಬೇಡ. ಹಿಂದಿನ ಸಲ ಉಳಿದ ಆಂಟಿಬಯೋಟಿಕ್ ಬೇಡ, ಅದು ವೈರಸ್‌ಗೆ ನಾಟುವುದಿಲ್ಲ. ಡಾಕ್ಟರ್ ಹೇಳದೆ ಸ್ಟೆರಾಯ್ಡ್ ಅಂತೂ ಬೇಡವೇ ಬೇಡ.

ಗಂಜಿ, ಸಾರು, ಮಗು ಕೇಳಿದ್ದನ್ನು ಸ್ವಲ್ಪ ಸ್ವಲ್ಪ ಕೊಡಿ. ಭೇದಿಯಾದರೆ ಓಆರ್‌ಎಸ್. ಎದೆಹಾಲು ನಿಲ್ಲಿಸಬೇಡಿ, ತಾಯಿಗೂ ಕೊರೊನಾ ಇದ್ದರೆ ಮಾಸ್ಕ್ ಹಾಕಿ ಕುಡಿಸಲಿ. ಎಂಟು ಗಂಟೆ ಮೂತ್ರ ಮಾಡದಿದ್ದರೆ ನೀರು ಕಡಿಮೆಯಾಗಿದೆ ಅಂತ ಅರ್ಥ. ಕಕ್ಕಡ 18ಕ್ಕೆ ಮದ್ದುಸೊಪ್ಪಿನ ಪಾಯಸ ತಿಂದಿದ್ದರೆ ಮೂತ್ರ ಕೆಂಪಗಾಗುತ್ತದೆ, ಗಾಬರಿ ಬೇಡ. ನನಗೂ ಆ ಪಾಯಸ ಇಷ್ಟ, ಆದರೆ ಅದನ್ನು ಕೊರೊನಾಕ್ಕೆ ಔಷಧಿ ಅಂದುಕೊಳ್ಳಬೇಡಿ.

ಚಳಿ ಅಂತ ಬಾಗಿಲು ಮುಚ್ಚಿ ಕೋಣೆಯಲ್ಲಿ ಕೆಂಡ ಇಡಬೇಡಿ, ಅದರ ವಿಷಗಾಳಿ ಮಲಗಿದ್ದವರನ್ನೇ ಕೊಲ್ಲುತ್ತದೆ. ಕುದಿನೀರಿನ ಹಬೆಯೂ ಚಿಕ್ಕ ಮಕ್ಕಳಿಗೆ ಬೇಡ, ಮೈಮೇಲೆ ಚೆಲ್ಲಿಕೊಂಡು ಸುಟ್ಟುಕೊಳ್ಳುತ್ತಾರೆ.

ಇನ್ನೊಂದು ವಿಷಯ. ಮಗು ಹುಷಾರಾಗಿ ಶಾಲೆಗೂ ಹೋಗುತ್ತಿರುತ್ತದೆ. ಕೆಲವೊಮ್ಮೆ ಕೊರೊನಾ ಬಂದ 2ರಿಂದ 6 ವಾರದ ನಂತರ ಮತ್ತೆ ಜ್ವರ ಬಂದು ಇಳಿಯುವುದೇ ಇಲ್ಲ, ಜೊತೆಗೆ ಕಣ್ಣು ಕೆಂಪು, ಮೈಮೇಲೆ ದದ್ದು, ಹೊಟ್ಟೆನೋವು, ಕೈಕಾಲು ಊತ. ಇದು ಎಂಐಎಸ್-ಸಿ, ಅಂದರೆ ಕೊರೊನಾ ಆದ ಮೇಲೆ ಮಕ್ಕಳ ದೇಹದ ಹಲವು ಅಂಗಗಳಲ್ಲಿ ಉರಿಯೂತ ಆಗುವ ಕಾಯಿಲೆ. ಅಪರೂಪ, ಆದರೆ ಹೃದಯಕ್ಕೂ ತೊಂದರೆ ಮಾಡುತ್ತದೆ, ಬೇಗ ಹೋದರೆ ಚಿಕಿತ್ಸೆ ಇದೆ. ಕೊರೊನಾ ಬಂದ ದಿನವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ. ಮತ್ತೆ ಜ್ವರ ಬಂದು ಆಸ್ಪತ್ರೆಗೆ ಹೋದರೆ ಡಾಕ್ಟರ್‌ಗೆ ಮೊದಲು ಆ ತಾರೀಕು ಹೇಳಿ.