ಕರೆಂಟ್ ತಂತಿ ಮೇಲೆ ಕೂತ ಬಿಳಿ ಹೊಟ್ಟೆಯ ಹಕ್ಕಿ

ಜನವರಿ ತಿಂಗಳು, ಕೊಡಗಿನ ಗಾಳಿಬೀಡಿನಲ್ಲಿ ಕಾಫಿ ಕೊಯ್ಲಿನ ಗಡಿಬಿಡಿ. ಬೆಳಿಗ್ಗೆ ಕಣದಲ್ಲಿ ಕಾಫಿ ಹರವುವಾಗ ಮಂಜು ಇನ್ನೂ ಬಿಟ್ಟಿರಲಿಲ್ಲ. ಕವಲುತೋಕೆಗಳು ತಲೆಗೆ ತಾಗುವಷ್ಟು ಕೆಳಗೆ ಹಾರುತ್ತಿದ್ದವು. ಮಂಜಿನಲ್ಲಿ ಹುಳಗಳು ಮೇಲೇರುವುದಿಲ್ಲ, ಅವನ್ನು ಹಿಡಿಯಲು ಇವೂ ಇಳಿಯುತ್ತವೆ. ಜಾಸ್ತಿ ಇದ್ದದ್ದು ಕೆಂಪು ಸೊಂಟದ ಕವಲುತೋಕೆ. ಚಳಿಗೆ ಬರುವ ಬಾರ್ನ್ ಸ್ವಾಲೋಗಳೂ ಇದ್ದವು. ನಡುವೆ ಒಂದರ ಸೊಂಟ ಮಾತ್ರ ಅಚ್ಚ ಬಿಳಿ.

ನೋಟ್‌ಬುಕ್‌ನಲ್ಲಿ ಮೊದಲು ಲಿಟಲ್ ಸ್ವಿಫ್ಟ್ (ಕವಲುತೋಕೆಯಂತೆ ಕಾಣುವ ಬೇರೆ ಹಕ್ಕಿ) ಎಂದೇ ಬರೆದೆ. ಅದಕ್ಕೂ ಬಿಳಿ ಸೊಂಟ ಇದೆ, ಅಲ್ವಾ? ಆದರೆ ಸ್ವಿಫ್ಟ್‌ಗೆ ಗಂಟಲು ಬಿಳಿ, ಹೊಟ್ಟೆ ಕಪ್ಪು. ಇದಕ್ಕೆ ಗಂಟಲಿಂದ ಬಾಲದ ಬುಡದವರೆಗೂ ಬಿಳಿ. ಅಷ್ಟರಲ್ಲಿ ಅದು ಕರೆಂಟ್ ತಂತಿ ಮೇಲೆ ಕೂತಿತು. ಸ್ವಿಫ್ಟ್‌ನ ಕಾಲು ಗೋಡೆಗೆ ಕಚ್ಚಿಕೊಳ್ಳಲು ಇರುವುದು, ತಂತಿ ಮೇಲೆ ಕೂರಲು ಬರುವುದಿಲ್ಲ. ಹಾಗಾದರೆ ಇದು ಕವಲುತೋಕೆಗಳ ಕುಟುಂಬದ್ದೇ ಆದ ಹೌಸ್ ಮಾರ್ಟಿನ್! ಇಷ್ಟು ವರ್ಷದಲ್ಲಿ ನಮ್ಮ ತೋಟದ ಮೇಲೆ ಒಮ್ಮೆಯೂ ಕಂಡಿರಲಿಲ್ಲ. ಬೈನಾಕ್ಯುಲರ್ ಹಿಡಿದ ಕೈ ನಡುಗುತ್ತಿತ್ತು.

ನಿಜವಾದ ಕಷ್ಟ ಆಮೇಲೆ. ನಾರ್ದರ್ನ್ ಹೌಸ್ ಮಾರ್ಟಿನ್ನೋ, ಏಷ್ಯನ್ನೋ? ಎರಡಕ್ಕೂ ಬೆನ್ನು ಕಡುನೀಲಿ, ಸೊಂಟ ಬಿಳಿ. ಏಷ್ಯನ್ನಿನ ಹೊಟ್ಟೆ ಮಾಸಲು, ಬಾಲದ ಸೀಳು ಕಡಿಮೆ. ರೆಕ್ಕೆಯ ಒಳಗೆ, ಮೈಗೆ ಹತ್ತಿರದ ಗರಿಗಳು ಕಪ್ಪಗಿರುತ್ತವೆ. ನಾರ್ದರ್ನ್‌ಗೆ ಅದೇ ಜಾಗ ತಿಳಿ ಬೂದು, ಬಾಲ ಚೆನ್ನಾಗಿ ಸೀಳಿರುತ್ತದೆ. ಹೊಟ್ಟೆಯ ಬಣ್ಣವನ್ನು ನಾನು ನಂಬಲಿಲ್ಲ. ಮಂಜಿನ ಬೆಳಕಿನಲ್ಲಿ ಬಿಳಿ ಯಾವುದೂ ಮಾಸಲಾಗಿಯೇ ಕಾಣುತ್ತದೆ. ರೆಕ್ಕೆಯ ಒಳಭಾಗವೇ ಬೇಕಿತ್ತು.

ಕ್ಯಾಮೆರಾ ತಂದೆ. ಶಟರ್ 1/2000, ಎಕ್ಸ್‌ಪೋಶರ್ ಒಂದು ಸ್ಟಾಪ್ ಜಾಸ್ತಿ. ಇಲ್ಲದಿದ್ದರೆ ಆಕಾಶದ ಎದುರು ಹಕ್ಕಿ ಬರೀ ಕಪ್ಪು. ಮೇಸ್ತ್ರಿ ಬಂದು, "ಕಾಫಿ ಯಾರು ಹರವುದು ಸಾರ್?" ಅಂದರು. ಐದು ನಿಮಿಷ ಕೊಡಿ ಅಂದೆ, ಮುಕ್ಕಾಲು ಗಂಟೆ ಆಯಿತು. ನೂರಕ್ಕೂ ಹೆಚ್ಚು ಫೋಟೋಗಳಲ್ಲಿ ಮೂರು ಕೆಲಸಕ್ಕೆ ಬಂದವು. ಮೂರರಲ್ಲೂ ರೆಕ್ಕೆಯ ಒಳಗೆ ತಿಳಿ ಬೂದು, ಬಾಲದಲ್ಲಿ ಆಳವಾದ ಸೀಳು. ನಾರ್ದರ್ನ್.

ರಾತ್ರಿ, ಕಂಡ ಹಕ್ಕಿಗಳನ್ನು ದಾಖಲಿಸುವ ವೆಬ್‌ಸೈಟ್ ಇ-ಬರ್ಡ್‌ಗೆ ಹಾಕುವಾಗ ಫೋಟೋ ಜೊತೆ ವಿವರವನ್ನೂ ಬರೆದೆ. ಹೌಸ್ ಮಾರ್ಟಿನ್ನಿನ ಕಾಲಿಗೆ ಬೆರಳವರೆಗೂ ಬಿಳಿ ಗರಿ ಇರುತ್ತದೆ. ತಂತಿ ದೂರವಿದ್ದ ಕಾರಣ ಅದು ನನಗೆ ಕಂಡಿರಲಿಲ್ಲ. ಅದನ್ನೂ ಹಾಗೆಯೇ ಬರೆದೆ.